ಕುಂಕುಮದ ಡಿಸ್ಕು, ಗಂಧದ ಡಿಸ್ಕು

2001ನೇ ಇಸವಿ. ಹೈದರಾಬಾದಿನ ಮೆಹದಿಪಟ್ಟಣಂ ಬಸ್ ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಿಗುವ ಕಾಲೊನಿಯಲ್ಲಿ ನಮ್ಮ ಮನೆ. ಅಡುಗೆಮನೆಗೂ ದೇವರ ಮನೆಗೂ ನಡುವೆ ಒಂದು ಚಿಕ್ಕ ಕೋಣೆಯಿತ್ತು. ಮೊದಲು ಅಲ್ಲಿ ಅಕ್ಕಿ ಡಬ್ಬ, ಹಪ್ಪಳದ ಡಬ್ಬ ಇರುತ್ತಿದ್ದವು. 1999ರಿಂದ ಅದು ನನ್ನ ಕಚೇರಿಯಾಯಿತು. ನನ್ನದು ಕನ್ನಡ ಡಿಟಿಪಿ, ಅಂದರೆ ಬೇರೆಯವರ ಕೈಬರಹವನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಪುಟ ಕಟ್ಟಿ, ಮುದ್ರಣಕ್ಕೆ ಸಿದ್ಧಮಾಡಿ ಕೊಡುವ ಕೆಲಸ. ಊರಲ್ಲಿ ಎತ್ತ ತಿರುಗಿದರೂ ಕಂಪ್ಯೂಟರ್ ಕಲಿಸುವ ಬೋರ್ಡುಗಳೇ ಇದ್ದ ಕಾಲ ಅದು. ಆದರೆ ಕನ್ನಡ ಟೈಪ್ ಮಾಡುವವರು ಬೆರಳೆಣಿಕೆಯಷ್ಟು. ಮದುವೆ ಪತ್ರಿಕೆ, ಕನ್ನಡ ಶಾಲೆಯ ಪ್ರಶ್ನೆಪತ್ರಿಕೆ, ಸಂಘದ ಸ್ಮರಣ ಸಂಚಿಕೆ ಎಂದು ಒಬ್ಬರ ಬಾಯಿಂದ ಒಬ್ಬರಿಗೆ ಹೋಗಿ ಕೆಲಸ ಬರುತ್ತಿತ್ತು. ಒಲೆಯ ಮೇಲೆ ಹಾಲಿಟ್ಟು ಬಂದು ಟೈಪ್ ಮಾಡುತ್ತಿದ್ದೆನಾದ್ದರಿಂದ ಉಕ್ಕುವ ಸದ್ದಿಗೆ ಒಂದು ಕಿವಿ ಯಾವಾಗಲೂ ಅಡುಗೆಮನೆಯ ಕಡೆಗೇ ಇರುತ್ತಿತ್ತು. ಹಾಗೆ ಆ ಕೋಣೆಯಲ್ಲಿ ಒಂಬತ್ತು ವರ್ಷ ಕೂತೆ. ಅಷ್ಟರಲ್ಲಿ ಮಾಡಿದ ಕೆಲಸ ಕೈಬಿಟ್ಟುಹೋಗುವ ಹೆದರಿಕೆ ಹತ್ತಿದ್ದು ಒಂದೇ ಸಲ, ಆ ವರ್ಷದ ವಿಜಯದಶಮಿಯ ಮಧ್ಯಾಹ್ನ.

ಮೊದಲು ಯಂತ್ರದ ವಿಷಯ ಹೇಳಬೇಕು. ಬಿಡಿಭಾಗಗಳನ್ನು ಜೋಡಿಸಿ ಮಾಡಿಸಿದ ಕಂಪ್ಯೂಟರ್. ಅದರೊಳಗೆ ಹತ್ತು ಜಿಬಿಯ ಒಂದು ಹಾರ್ಡ್ ಡಿಸ್ಕು. ಬರೆದದ್ದೆಲ್ಲ ಉಳಿಯುವುದು ಈ ಹಾರ್ಡ್ ಡಿಸ್ಕಿನಲ್ಲಿ. ಅಂಗೈಯಗಲದ ಲೋಹದ ಡಬ್ಬಿ, ಅಷ್ಟೇ. ನನ್ನ ಡಿಸ್ಕಿನಲ್ಲಿ ವಿಂಡೋಸ್ 98 ಇತ್ತು. ನಾನು ಬಳಸುತ್ತಿದ್ದ ಕನ್ನಡ ಅಕ್ಷರಗಳು ವಿಂಡೋಸಿನಲ್ಲಿ ಮಾತ್ರ ಮೂಡುತ್ತಿದ್ದವು.

2000ದ ಕೊನೆಗೆ ನಮ್ಮ ಮಹಡಿ ಕೋಣೆಗೆ ಲ್ಯಾನ್ಸಿ ಬಾಡಿಗೆಗೆ ಬಂದ. ಮಂಗಳೂರಿನ ಹತ್ತಿರ ಬಜ್ಪೆಯವನು, ಇಪ್ಪತ್ನಾಲ್ಕು ವರ್ಷ, ಮಾದಾಪುರದ ಆಫೀಸಿನಲ್ಲಿ ಇಂಜಿನಿಯರ್. ಆಫೀಸಿನಲ್ಲಿ ಅವನ ಕೆಲಸವೆಲ್ಲ ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ. ಮನೆಯಲ್ಲೂ ಅಭ್ಯಾಸ ಮಾಡಬೇಕು, ಅದರದ್ದೊಂದು ಪರೀಕ್ಷೆ ಪಾಸಾಗಬೇಕು ಎಂಬ ಆಸೆ ಅವನಿಗೆ. ಒಂದು ಭಾನುವಾರ ಬಾಗಿಲ ಹತ್ತಿರ ನಿಂತು ಚಪ್ಪಲಿಯ ತುದಿಯಿಂದ ಕಾಲೊರಸನ್ನು ಸರಿಮಾಡುತ್ತ ಕೇಳಿದ:

"ಆಂಟಿ, ನಿಮ್ಮ ಸಿಸ್ಟಮಲ್ಲಿ ನಾನು ಲಿನಕ್ಸ್ ಹಾಕ್ಬಹುದಾ?"

"ನನ್ನ ಫೈಲುಗಳಿಗೆ ಏನಾದ್ರೂ ಆದ್ರೆ?"

"ನಿಮ್ಮದನ್ನು ನಾನು ಮುಟ್ಟುದೇ ಇಲ್ಲ ಆಂಟಿ. ನನ್ನದೇ ಬೇರೆ ಡಿಸ್ಕ್ ತರ್ತೇನೆ."

ಹೇಳಿದ ಹಾಗೆಯೇ ಮಾಡಿದ. ಇಪ್ಪತ್ತು ಜಿಬಿಯ ಹೊಸ ಡಿಸ್ಕು ತಂದು ನನ್ನ ಡಿಸ್ಕಿನ ಕೆಳಗಿನ ಖಾನೆಯಲ್ಲಿ ಕೂರಿಸಿದ. ಲಿನಕ್ಸ್ ಹಾಕುವಷ್ಟು ಹೊತ್ತೂ ನನ್ನ ಡಿಸ್ಕಿನ ಕೇಬಲ್ ಬಿಚ್ಚಿಟ್ಟಿದ್ದ, ಎಲ್ಲ ಮುಗಿದ ಮೇಲೆ ಸಿಕ್ಕಿಸಿದ. ಒಂದೇ ಡಿಸ್ಕನ್ನು ಪಾಲು ಮಾಡಿ ಎರಡನ್ನೂ ಅದರಲ್ಲೇ ಇಡುವುದೂ ಉಂಟಂತೆ. ಹಾಗೆ ಮಾಡಿದರೆ ಒಂದಕ್ಕೆ ಬಂದ ಕಷ್ಟ ಇನ್ನೊಂದಕ್ಕೂ ತಗಲುತ್ತದೆ, ಹೀಗೆ ಬೇರೆ ಬೇರೆ ಇದ್ದರೆ ಯಾರ ತಂಟೆಯೂ ಯಾರಿಗಿಲ್ಲ ಎಂದು ವಿವರಿಸಿದ. ಯಂತ್ರ ಎದ್ದ ಕೂಡಲೇ ಬಯಾಸ್ ಎಂಬ ಪುಟ್ಟ ಪ್ರೋಗ್ರಾಮು ಒಳಗೆ ಯಾರಿದ್ದಾರೆಂದು ನೋಡಿ, ಮೊದಲ ಸರದಿಯ ಡಿಸ್ಕನ್ನು ಎಬ್ಬಿಸುತ್ತದೆ. ಲ್ಯಾನ್ಸಿಗೆ ಲಿನಕ್ಸ್ ಬೇಕಾದಾಗ ಡಿಲೀಟ್ ಕೀ ಒತ್ತಿ ಬಯಾಸಿಗೆ ಹೋಗಿ ಸರದಿ ಬದಲಿಸಿಕೊಳ್ಳುತ್ತಿದ್ದ. ಕೆಲಸ ಮುಗಿದ ಮೇಲೆ ಮತ್ತೆ ನನ್ನ ಡಿಸ್ಕನ್ನೇ ಮೊದಲಿಗೆ ಇಟ್ಟು ಏಳಬೇಕು ಎಂಬುದು ಕರಾರು. ಒಂದು ದಿನವೂ ತಪ್ಪಿಸಲಿಲ್ಲ.

ನಮ್ಮ ಅತ್ತೆ ರಾಯಚೂರಿನವರು. ಈ ವಿವರಣೆಯನ್ನೆಲ್ಲ ಅವರೆಕಾಯಿ ಸುಲಿಯುತ್ತ ಕೇಳಿ ಒಂದೇ ಮಾತಿನಲ್ಲಿ ಮುಗಿಸಿದರು: "ಅಂದ್ರ ಒಂದ ಮನಿ, ಎರಡು ಒಲಿ. ತಲಬಾಗಿಲ ಮಾತ್ರ ಒಂದ. ಇದಕ್ಯಾಕ ಇಷ್ಟು ಇಂಗ್ಲೀಷು?"

ದಿನಾ ಬೆಳಿಗ್ಗೆ ಗುಂಡಿ ಒತ್ತಿ, ಕಾಫಿ ಲೋಟ ಹಿಡಿದು ಕೂರುತ್ತಿದ್ದೆ. ಕಪ್ಪು ಪರದೆಯ ಮೇಲೆ ಎರಡು ಡಿಸ್ಕುಗಳ ಹೆಸರು ಒಂದರ ಕೆಳಗೊಂದು ಮೂಡಿ, ಎರಡೆಣಿಸುವಷ್ಟರಲ್ಲಿ ಮಾಯವಾಗುತ್ತಿದ್ದವು. ಓದುವ ಗೋಜಿಗೆ ಹೋದವಳಲ್ಲ. ಮೇಲಿನ ಸಾಲು ಗಿಡ್ಡ, ಕೆಳಗಿನ ಸಾಲು ಉದ್ದ, ಮೋಟು ರವಿಕೆಯ ಕೆಳಗೆ ಸೀರೆ ಇದ್ದ ಹಾಗೆ ಎಂದುಕೊಳ್ಳುತ್ತಿದ್ದೆ. ಆಮೇಲೆ ಮೋಡಗಳಿರುವ ನೀಲಿ ಆಕಾಶ. ವಿಂಡೋಸ್ 98 ಏಳುವಾಗ ಆ ಚಿತ್ರ ಬರುತ್ತಿತ್ತು.

ಆ ವರ್ಷ ಜೂನಿನಲ್ಲಿ ಮಹಾನಂದಾ ಟೀಚರ್ ಬಂದರು. ಉಪ್ಪಲ್ ಕಡೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಕನ್ನಡ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಅವರ ಊರು ಆಳಂದದ ಹತ್ತಿರದ ಒಂದು ಹಳ್ಳಿ. ಪಿಎಚ್.ಡಿ.ಗೆ ಅವರು ತೆಗೆದುಕೊಂಡ ವಿಷಯ ನಮ್ಮ ಸೀಮೆಯ ಒಡಪುಗಳು. ಗಂಡನ ಹೆಸರನ್ನು ಬರಿದೇ ಹೇಳಬಾರದೆಂದು ಹೆಂಗಸರು ಪದ ಕಟ್ಟಿ, ಅದರೊಳಗೆ ಸೇರಿಸಿ ಹೇಳುತ್ತಾರಲ್ಲ, ಅವು. ಏಳು ವರ್ಷ ಊರೂರು ತಿರುಗಿ 640 ಒಡಪು ಬರೆದುಕೊಂಡಿದ್ದರು. ನಡುವೆ ಎರಡು ಬಾಣಂತನ, ಮಾವನವರ ಕಾಯಿಲೆ. ಎರಡು ಸಲ ಅವಧಿ ವಿಸ್ತರಣೆ ಪಡೆದಿದ್ದಾಗಿತ್ತು. ಮೂರನೆಯದು ಇಲ್ಲವೆಂದು ವಿಶ್ವವಿದ್ಯಾಲಯದಿಂದ ಪತ್ರ ಬಂದಿತ್ತು. ದಸರಾ ರಜೆ ಮುಗಿದು ಕಚೇರಿ ತೆರೆಯುವ ದಿನ, ಅಂದರೆ ದಶಮಿಯ ಮರುದಿನ, ಸಂಜೆ ನಾಲ್ಕರೊಳಗೆ ನಾಲ್ಕು ಪ್ರತಿ ಒಪ್ಪಿಸಬೇಕು. ತಪ್ಪಿದರೆ ನೋಂದಣಿ ರದ್ದು.

"ಮತ್ತ ಹೊಸದಾಗಿ ಸುರು ಮಾಡ್ತೀನಿ ಅಂದ್ರ ನಮ್ಮ ಮನ್ಯಾಗ ಒಪ್ಪಂಗಿಲ್ರಿ ವೈನಿ," ಎಂದಿದ್ದರು ಮೊದಲ ದಿನವೇ, ನನ್ನನ್ನು ಅತ್ತಿಗೆಯೆಂದೇ ಕರೆದು. "ಈ ಸರ್ತಿ ಆದ್ರ ಆತು. ಇಲ್ಲಾಂದ್ರ ಈ ವಹಿ ಎಲ್ಲಾ ಅಟ್ಟಕ್ಕ ಹೋಗ್ತಾವ."

ಕಾಫಿ ಕುಡಿಯುತ್ತ ನಮ್ಮ ಅತ್ತೆಯ ಒಡಪನ್ನೂ ಬರೆದುಕೊಂಡರು. ಅತ್ತೆ ಸೆರಗು ಸರಿಮಾಡಿಕೊಂಡು, ಎಪ್ಪತ್ತರ ವಯಸ್ಸಿನಲ್ಲೂ ಕೆಂಪಾಗಿ, ಹೇಳಿದರು:

"ಹಿತ್ತಲದಾಗ ಹೂವಿನ ಗಿಡ, ಅಂಗಳದಾಗ ತುಳಸಿಕಟ್ಟಿ,
ಶ್ರೀನಿವಾಸರಾಯರ ಹೆಸರ ಹೇಳ್ತೀನಿ ಸೊಂಟಕ ಸೆರಗ ಕಟ್ಟಿ."

ಅನುಬಂಧದಲ್ಲಿ ಅದು 212ನೆಯದು. ಆವತ್ತಿನಿಂದ ಅತ್ತೆ ವಾರಕ್ಕೊಮ್ಮೆ "ನನ್ನದು ಅಚ್ಚಾತೇನು?" ಎಂದು ಕೇಳುತ್ತಿದ್ದರು.

ಒಟ್ಟು 318 ಪುಟ. ಆರು ಅಧ್ಯಾಯ, ಒಂದು ಅನುಬಂಧ. ಮೊದಲ ನಾಲ್ಕು ಅಧ್ಯಾಯಗಳನ್ನು ಮುಗಿದ ಹಾಗೆಲ್ಲ ಫ್ಲಾಪಿಗಳಿಗೆ ನಕಲು ಮಾಡಿ ಇಟ್ಟಿದ್ದೆ. ಕೊನೆಯ ಎರಡು ವಾರ ಮಾತ್ರ ಟೀಚರ್ ರಜೆ ಹಾಕಿ ದಿನವೂ ಬಂದು ಪಕ್ಕದಲ್ಲೇ ಕೂತು ತಿದ್ದಿಸಿದರು. ಐದು, ಆರನೆಯ ಅಧ್ಯಾಯಗಳೂ ಅನುಬಂಧವೂ ಪರದೆಯ ಮೇಲೆಯೇ ರೂಪ ತಳೆದವು. ಡಬ್ಬಿಯಲ್ಲಿದ್ದ ಫ್ಲಾಪಿಗಳೆಲ್ಲ ತುಂಬಿದ್ದವು. ಹೊಸದು ತಂದು ನಕಲು ಮಾಡಿದರಾಯಿತು ಎಂದುಕೊಂಡು, ಹಬ್ಬದ ಅವಸರದಲ್ಲಿ ಬಿಟ್ಟೆ. ಅಷ್ಟಮಿಯ ಸಂಜೆ ಕೊನೆಯ ಪುಟ ಕಟ್ಟಿ ಮುಗಿಸಿ, "ದಶಮಿ ದಿನ ಕಾಗದ ತಗೊಂಡು ಬರ್ರಿ, ಒಂದೇ ಸಲಕ್ಕೆ ಪ್ರಿಂಟ್ ತೆಗೆದುಬಿಡೋಣ" ಎಂದು ಹೇಳಿ ಕಳಿಸಿದೆ.

ನಡುವೆ ಬಂದದ್ದು ನವಮಿ, ಖಂಡೇಪೂಜೆ. ನಮ್ಮ ಮನೆಯ ಪದ್ಧತಿಯಂತೆ ಅವತ್ತು ದುಡಿಯುವ ಸಾಮಾನಿಗೆಲ್ಲ ಪೂಜೆ. ಈಳಿಗೆಮಣೆ, ಕತ್ತರಿ, ನನ್ನ ಹೊಲಿಗೆ ಯಂತ್ರ, ನಮ್ಮವರ ಸ್ಕೂಟರು. ಪೂಜೆಯಾದ ಮೇಲೆ ಅವುಗಳಿಗೆ ರಜೆ. ದಶಮಿಯ ನೈವೇದ್ಯವಾಗುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಈಳಿಗೆಯನ್ನು ಮುಟ್ಟಬಾರದೆಂದು ಹಿಂದಿನ ದಿನವೇ ತರಕಾರಿ ಹೆಚ್ಚಿಟ್ಟಿರುತ್ತಿದ್ದೆ. ಎರಡು ವರ್ಷದಿಂದ ಕಂಪ್ಯೂಟರನ್ನೂ ಸಾಲಿನಲ್ಲಿ ಸೇರಿಸಿದ್ದೆವು. ಹೊರಗಿನಿಂದ ಒರೆಸಿ ಕುಂಕುಮ ಹಚ್ಚಿದರೆ ಮುಗಿಯುತ್ತಿತ್ತು. ಆ ವರ್ಷ ಅತ್ತೆ ಪಕ್ಕದ ಜಾಲರಿಯೊಳಗೆ ಇಣುಕಿ ನೋಡಿದರು.

"ಹೊರಗ ಥಳಥಳ, ಒಳಗ ಧೂಳಿನ ಕಣಜ. ಹಿಂಗ ಪೂಜಿ ಮಾಡಿದ್ರ ದೇವರು ನಗೂದಿಲ್ಲೇನ ಸುಧಾ?"

ಲ್ಯಾನ್ಸಿ ಪೆಟ್ಟಿಗೆ ಬಿಚ್ಚುವುದನ್ನು ನಾಲ್ಕೈದು ಸಲ ನೋಡಿದ್ದೆ. ಅವನು ಹಬ್ಬದ ರಜೆಗೆ ಊರಿಗೆ ಹೊರಡುವ ಮುಂಚೆ ಕೇಳಿಯೂ ಇದ್ದೆ, ನಿನ್ನ ಡಿಸ್ಕಿಗೂ ಪೂಜೆ ಮಾಡಬಹುದೇನಪ್ಪ, ನಿಮ್ಮಲ್ಲಿ ನಡೆಯುತ್ತದೆಯೇ ಎಂದು. "ಮಾಡಿ ಆಂಟಿ, ಅದಕ್ಕೆಂಥ? ನಮ್ಮಲ್ಲಿ ಮೊಂತಿ ಹಬ್ಬಕ್ಕೆ ಚರ್ಚಲ್ಲಿ ಭತ್ತದ ತೆನೆಗೇ ಆಶೀರ್ವಾದ ಮಾಡಿಸ್ತೇವೆ. ಡಿಸ್ಕಿಗೆ ಆದ್ರೆ ಒಳ್ಳೇದೇ," ಎಂದು ನಕ್ಕಿದ್ದ.

ನವಮಿಯ ಬೆಳಿಗ್ಗೆ ಮಿಂದು, ಪ್ಲಗ್ ತೆಗೆದು, ಪೆಟ್ಟಿಗೆ ಬಿಚ್ಚಿದೆ. ಡಿಸ್ಕುಗಳಿಂದ ಹೊರಟ ಬೂದು ಬಣ್ಣದ ಎರಡು ಚಪ್ಪಟೆ ಕೇಬಲ್‌ಗಳು ನಾಲಿಗೆಗಳಂತೆ ಜೋತಾಡುತ್ತಿದ್ದವು. ಎರಡನ್ನೂ ಬಿಡಿಸಿ, ಎರಡೂ ಡಿಸ್ಕನ್ನು ಹೊರತೆಗೆದು, ಬಣ್ಣ ಬಳಿಯುವ ಮೆತ್ತನೆ ಬ್ರಷ್ಷಿನಿಂದ ಮೂಲೆಮೂಲೆಯ ಧೂಳು ತೆಗೆದೆ. ಡಿಸ್ಕಿನ ಮೇಲೆ ಒಂದು ಸೂಜಿಗಣ್ಣಿನಂಥ ರಂಧ್ರ, ಪಕ್ಕದಲ್ಲಿ ಇದನ್ನು ಮುಚ್ಚಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅದಕ್ಕಿಂತ ಎರಡು ಬೆರಳು ಆಚೆಗೆ ನನ್ನ ಡಿಸ್ಕಿಗೆ ಕುಂಕುಮವಿಟ್ಟೆ. ಲ್ಯಾನ್ಸಿಯದಕ್ಕೆ ಇಡಲು ಹೋದಾಗ ಅತ್ತೆ ತಡೆದರು.

"ಅವ ಹೂಂ ಅಂದಾನ ಖರೆ, ಆದ್ರ ಅವರ ಮನ್ಯಾಗ ಕುಂಕುಮ ಇಲ್ಲ. ಗಂಧ ಹಚ್ಚು. ಗಂಧಕ್ಕ ಯಾರ ತಕರಾರೂ ಇಲ್ಲ, ತಂಪರ ಇರತದ."

ಹಾಗೆ ಒಂದಕ್ಕೆ ಕುಂಕುಮ, ಒಂದಕ್ಕೆ ಗಂಧ. ಎರಡನ್ನೂ ಮೊದಲಿನ ಹಾಗೆ ಮೇಲೆ ಕೆಳಗೆ ಕೂರಿಸಿ ಕೇಬಲ್ ಸಿಕ್ಕಿಸಿದೆ. ಒಮ್ಮೆ ಚಾಲೂ ಮಾಡಿ ನೋಡಬೇಕು ಎನ್ನುವಷ್ಟರಲ್ಲಿ ಅತ್ತೆ ಆರತಿ ತಟ್ಟೆ ಹಿಡಿದು ಬಂದುಬಿಟ್ಟರು. ಆರತಿಯಾದ ಮೇಲೆ ಮುಟ್ಟುವ ಮಾತಿಲ್ಲ. ಇಷ್ಟಕ್ಕೂ ಧೂಳು ಒರೆಸಿದ್ದೇನೆ ಅಷ್ಟೇ, ಇನ್ನೇನು ಮಾಡಿದ್ದೇನೆ ಎಂದುಕೊಂಡೆ.

ದಶಮಿಯ ದಿನ ಹನ್ನೆರಡೂವರೆಗೆ ನೈವೇದ್ಯವಾಯಿತು. ಒಂದು ಗಂಟೆಗೆ ಟೀಚರ್ ಕಾಗದದ ಕಟ್ಟುಗಳನ್ನು ಚೀಲದಲ್ಲಿ ಹೊತ್ತು ಬಂದರು. ಅತ್ತೆ ಯಂತ್ರದ ಮೇಲಿನ ಹೂ ತೆಗೆದು, "ಏಳಪ್ಪಾ, ರಜಾ ಮುಗೀತು," ಎಂದರು. ಗುಂಡಿ ಒತ್ತಿದೆ.

ನೀಲಿ ಆಕಾಶ ಬರಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಮೇಲೇರಿ ಒಂದು ಕಡೆ ನಿಂತವು. ಕೊನೆಯ ಸಾಲು 'ಕರ್ನಲ್ ಪ್ಯಾನಿಕ್' ಎಂದು ಶುರುವಾಗಿತ್ತು. ಆರಿಸಿ ಮತ್ತೆ ಹಚ್ಚಿದೆ. ಅದೇ ಬಂತು. ಮೂರನೆಯ ಸಲವೂ ಅದೇ.

"ಏನಾತ್ರಿ ವೈನಿ?"

"ಗೊತ್ತಾಗಾಕತ್ತಿಲ್ರಿ ಟೀಚರ್. ಒಂದ್ ನಿಮಿಷ."

ಅವರು ಬೆತ್ತದ ಸ್ಟೂಲಿನ ತುದಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಕಾಗದದ ಕಟ್ಟು, ಅದರ ಮೇಲೆ ಎರಡೂ ಕೈ. ಕಟ್ಟಿನ ಹೊದಿಕೆಯ ಒಂದು ಮೂಲೆಯನ್ನು ಉಗುರಿನಿಂದ ಮಡಿಸುವುದು, ಬಿಡಿಸುವುದು ಮಾಡುತ್ತಿದ್ದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಫ್ಲಾಪಿಯಲ್ಲಿ ಇಲ್ಲದವು ಸುಮಾರು ನೂರ ನಲವತ್ತು ಪುಟ. ನಾನು ಎಷ್ಟೇ ಓಡಿಸಿದರೂ ದಿನಕ್ಕೆ ಇಪ್ಪತ್ತು ಪುಟ. ಟೀಚರ್ ಹತ್ತಿರ ಒಂದು ವಾರವಿರಲಿ, ಪೂರ್ತಿ ಒಂದು ದಿನವೂ ಇರಲಿಲ್ಲ.

ಹಬ್ಬವಾದ್ದರಿಂದ ಹೆಚ್ಚಿನ ಕಂಪ್ಯೂಟರ್ ರಿಪೇರಿಯವರು ಅಂಗಡಿ ಮುಚ್ಚಿದ್ದರು. ನಮ್ಮವರು ಸ್ಕೂಟರ್ ಹತ್ತಿ, ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅಂಗಡಿ ತೆರೆದಿದ್ದ ಖಾದರ್ ಭಾಯಿಯನ್ನು ಕರೆತಂದರು. ಐವತ್ತರ ಮನುಷ್ಯ, ಮೊದಲು ರೇಡಿಯೊ, ಆಮೇಲೆ ಟಿವಿ, ಈಗ ಕಂಪ್ಯೂಟರ್ ರಿಪೇರಿ. ಕೈ ತೊಳೆದುಕೊಂಡೇ ಯಂತ್ರ ಮುಟ್ಟುವವರು. ಲಿನಕ್ಸ್ ಎಂಬುದನ್ನು ಮಾತ್ರ ಅವರು ಕಂಡಿರಲಿಲ್ಲ. ತಮ್ಮ ಫ್ಲಾಪಿಯೊಂದರಿಂದ ಯಂತ್ರವನ್ನು ಎಬ್ಬಿಸಿ, ಡಿಸ್ಕಿನ ಭಾಗಗಳನ್ನು ತೋರಿಸುವ ಪ್ರೋಗ್ರಾಮನ್ನು ತೆರೆದರು. ಮೊದಲ ಡಿಸ್ಕಿನಲ್ಲಿ ವಿಂಡೋಸಿನ ಗುರುತೇ ಇರಲಿಲ್ಲ.

"ವಿಂಡೋಸ್ ಉಡ್ ಗಯಾ ಮೇಡಂ," ಎಂದರು ಬೇಸರದಿಂದ. "ಪೂರಾ ಸಾಫ್. ಫಾರ್ಮ್ಯಾಟ್ ಮಾರ್ ಕೇ ನಯಾ ಡಾಲ್ನಾ ಪಡ್ತಾ."

ಅಂದರೆ ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಬೇಕು. ಅಳಿಸಿದ ಮೇಲೆ ಉಳಿಯುವುದೇನು ಎಂದು ಕೇಳಿದೆ. ಅವರು ಅಂಗೈ ಮೇಲೆ ಮಾಡಿ ತೋರಿಸಿದರು, ಏನೂ ಇಲ್ಲ.

"ಮಾಡಿಸಿಬಿಡ್ರಿ ವೈನಿ," ಎಂದರು ಟೀಚರ್ ಹಿಂದಿನಿಂದ. ದನಿ ಮೆಲ್ಲಗಿತ್ತು. "ಹೋದದ್ದು ಹೋತು. ನಾಲ್ಕ ಅಧ್ಯಾಯರ ಪ್ರಿಂಟ್ ತಗೋಣು. ಅಷ್ಟನ್ನ ಅವರ ಮುಂದ ಇಟ್ಟು ಕೈಮುಗೀತೀನಿ."

ಖಾದರ್ ಭಾಯಿ ಆಜ್ಞೆ ಟೈಪ್ ಮಾಡಿ, ಖಂಡಿತವೇ ಎಂದು ಕೇಳುವ ಪ್ರಶ್ನೆಗೆ ಹೌದೆನ್ನುವ 'ವೈ' ಕೀ ಮೇಲೆ ಬೆರಳೆತ್ತಿ, ನನ್ನ ಮುಖ ನೋಡಿದರು. ಹೂಂ ಎನ್ನಬೇಕಾದವಳು ನಾನು. ಮೂರು ಸಲ ಆರಿಸಿ ಹಚ್ಚಿದಾಗಲೂ ಏನೋ ಒಂದು ನನ್ನ ಕಣ್ಣಿಗೆ ಚುಚ್ಚಿತ್ತು. ಮನೆಯಲ್ಲಿ ಯಾರೋ ಕುರ್ಚಿ ಸರಿಸಿಟ್ಟಂತೆ. ಎಲ್ಲಿ ಎಂದು ಆಗ ಹೊಳೆಯಿತು. ಗಿಡ್ಡ ಸಾಲು ಮೇಲಿರಲಿಲ್ಲ.

"ಭಾಯಿ, ರುಕೋ," ಎಂದೆ. "ಮೊದಲ ಪರದೆ ಇನ್ನೊಮ್ಮೆ ತೋರಿಸಿ. ಹೋಗಗೊಡಬೇಡಿ, ನಿಲ್ಲಿಸಿ."

ಅವರು ಯಂತ್ರವನ್ನು ಮತ್ತೆ ಹಚ್ಚಿ, ಪಾಜ್ ಕೀ ಒತ್ತಿ ಪರದೆಯನ್ನು ಹಿಡಿದಿಟ್ಟರು. ಮೇಲೆ ಉದ್ದ ಸಾಲು, ಕೆಳಗೆ ಗಿಡ್ಡ ಸಾಲು. ಎರಡೂ ಇದ್ದವು. ಜಾಗ ಮಾತ್ರ ಅದಲುಬದಲಾಗಿತ್ತು.

ಲ್ಯಾನ್ಸಿಯ ಊರಿನ ನಂಬರು ಫೋನಿನ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು. ಅವನ ಅಮ್ಮ ಎತ್ತಿಕೊಂಡರು. ಅವನು ತೋಟದಿಂದ ಓಡಿ ಬರುವವರೆಗೆ ಆಕೆ ನನ್ನ ಆರೋಗ್ಯ, ಅತ್ತೆಯ ಮಂಡಿನೋವು ಎಲ್ಲ ವಿಚಾರಿಸಿದರು. ನಾನು ಸಾವಧಾನವಾಗಿಯೇ ಉತ್ತರ ಕೊಟ್ಟೆ. ಬಂದವನಿಗೆ ಪರದೆಯ ಕೊನೆಯ ಸಾಲನ್ನು ಓದಿ ಹೇಳಿದೆ. ಆ ಕಡೆಯಿಂದ ನಗು ಕೇಳಿಸಿತು.

"ಅಯ್ಯೋ ಆಂಟಿ, ಅದು ನನ್ನ ಡಿಸ್ಕ್ ಮಾತಾಡುದು! ನಿಮ್ಮದಲ್ಲ. ಅದು ಯಾವಾಗ್ಲೂ ಎರಡನೇ ಜಾಗದಲ್ಲಿ ಮಲಗಿ ಅಭ್ಯಾಸ. ಇವತ್ತು ಒಂದನೇ ಜಾಗದಲ್ಲಿ ಎಚ್ಚರ ಆಗಿ, ಅದರ ಮನೆ ಅದಕ್ಕೇ ಸಿಗುದಿಲ್ಲ. ಹಾಗೆ ಹೆದರಿ ಕೂತದ್ದು. ಪೂಜೆಗೆ ಬಿಚ್ಚಿದ್ರಾ?"

"ಬಿಚ್ಚಿದ್ದೆ."

"ಮತ್ತೆ? ಕೇಬಲ್ ಆಚೆದು ಈಚೆಗೆ ಆಗಿದೆ, ಅಷ್ಟೇ. ಹೆದರ್ಬೇಡಿ. ಯಾರೂ ಏನನ್ನೂ ಅಳಿಸ್ಲಿಲ್ಲ ಅಲ್ವಾ?"

"ಇಲ್ಲ. ಒಂದು ಬೆರಳು ದೂರದಲ್ಲಿತ್ತು."

"ಹಾಗಾದ್ರೆ ಪೆಟ್ಟಿಗೆ ಬಿಚ್ಚಿ, ನಾನು ಹೇಳ್ತೇನೆ," ಎಂದ.

ಫೋನಿದ್ದದ್ದು ಹಜಾರದಲ್ಲಿ, ಯಂತ್ರವಿದ್ದದ್ದು ಕೋಣೆಯಲ್ಲಿ. ರಿಸೀವರನ್ನು ಅತ್ತೆಯ ಕೈಗೆ ಕೊಟ್ಟು ನಾನು ಒಳಗೆ ಹೋದೆ. ಪ್ಲಗ್ ತೆಗೆದು ಪೆಟ್ಟಿಗೆ ಬಿಚ್ಚಿದೆವು. ಖಾದರ್ ಭಾಯಿ ಟಾರ್ಚ್ ಹಿಡಿದರು. ಬಜ್ಪೆಯಿಂದ ಲ್ಯಾನ್ಸಿ ಹೇಳಿದ್ದು ರಾಯಚೂರಿನ ಕನ್ನಡದಲ್ಲಿ ಹಜಾರದಿಂದ ಬರುತ್ತಿತ್ತು, ನಾನು ಅದನ್ನು ಹಿಂದಿಯಲ್ಲಿ ಖಾದರ್ ಭಾಯಿಗೆ ದಾಟಿಸುತ್ತಿದ್ದೆ.

"ಕುಂಕುಮದ್ದು ಎಲ್ಲೆ ಅದ ಅಂತ ಕೇಳಾಕತ್ತಾನ!"

"ಮೇಲೆ! ಗಂಧದ್ದು ಕೆಳಗೆ!"

"ಕುಂಕುಮದ್ದರ ಕೇಬಲ್ ಹಿಡಕೊಂಡು ಬೆರಳು ಆಡಿಸ್ಕೋತ ಹೋಗ್ಬೇಕಂತ. ಕೊನೀಗೆ ಬೋರ್ಡಿನ ಮ್ಯಾಲ ಏನ್ ಬರದದ ನೋಡಂತ!"

ಖಾದರ್ ಭಾಯಿ ಟಾರ್ಚನ್ನು ಹತ್ತಿರ ತಂದರು. ಕೇಬಲ್ ಸೇರಿದ ಜಾಗದಲ್ಲಿ ಇರುವೆಯಷ್ಟು ಸಣ್ಣ ಅಕ್ಷರಗಳಿದ್ದವು. "ಸೆಕೆಂಡರಿ!" ಎಂದು ಕೂಗಿದೆ.

"ತಪ್ಪಂತ! ನಿಂದು ಪ್ರೈಮರಿಗೆ ಇರಬೇಕಂತ. ಪ್ರೈಮರಿ ನೋಡವಾ, ಪ್ರೈಮರಿ ಶಾಲಿ ಇರ್ತದಲ್ಲ, ಆ ಪ್ರೈಮರಿ!"

ಟೀಚರ್ ಆ ಗಡಿಬಿಡಿಯಲ್ಲೂ ನಕ್ಕುಬಿಟ್ಟರು. "ಪ್ರೈಮರಿ ಅಂದ್ರ ನಮಗ ಬಿಡ್ರಿ ಅವ್ವಾರ," ಎಂದು ಕಾಗದ ಬದಿಗಿಟ್ಟು ಅವರೂ ಬಂದು ಇಣುಕಿದರು. ಖಾದರ್ ಭಾಯಿ ಎರಡೂ ಕೇಬಲ್ ತೆಗೆದು, ಮಗುವಿನ ತೋಳು ಅಂಗಿಗೆ ಹಾಕುವಷ್ಟು ನಯವಾಗಿ, ಒಂದರದ್ದನ್ನು ಇನ್ನೊಂದಕ್ಕೆ ಸಿಕ್ಕಿಸಿದರು. ಅವರೇ ಗುಂಡಿಯನ್ನೂ ಒತ್ತಿದರು.

ಗಿಡ್ಡ ಸಾಲು ಮೇಲೆ. ಉದ್ದ ಸಾಲು ಕೆಳಗೆ. ಆಮೇಲೆ ಆಕಾಶ, ಮೋಡ.

ಟೀಚರ್ ಕುಡಿಯಲು ನೀರು ಕೇಳಿದರು. ಹಜಾರದಿಂದ ಅತ್ತೆ, ಫೋನಿನಲ್ಲಿದ್ದ ಲ್ಯಾನ್ಸಿಯನ್ನೂ ಮರೆತು, ಕೂಗಿ ಕೇಳಿದರು: "ಎರಡನೂರಾ ಹನ್ನೆರಡು ಅದನೋ ಹೋತೋ?"

ಇತ್ತು.

ನಾನು ಮತ್ತೆ ಫೋನಿಗೆ ಬಂದಾಗ ಲ್ಯಾನ್ಸಿ ವಿವರಿಸಿದ. ಆ ಹೊತ್ತಿನಲ್ಲಿ ಅಳಿಸಲು ಹೊರಟಿದ್ದರೆ ಎರಡೇ ದಾರಿಗಳಿದ್ದವು. ಮೊದಲ ಡಿಸ್ಕಿನ ಭಾಗಗಳನ್ನು ತೆಗೆದು ಹೊಸದಾಗಿ ಮಾಡಿದ್ದರೆ ಅವನ ಹತ್ತು ತಿಂಗಳ ಕೆಲಸ ಹೋಗುತ್ತಿತ್ತು. ಹಾಗೆ ಮಾಡದೆ ಸಿ ಡ್ರೈವನ್ನು, ಅಂದರೆ ವಿಂಡೋಸ್ ಇರುವ ಭಾಗವನ್ನು, ಫಾರ್ಮ್ಯಾಟ್ ಮಾಡು ಎಂದಿದ್ದರೆ, ಆ ಹಳೆಯ ಫ್ಲಾಪಿಗೆ ಲಿನಕ್ಸ್ ಕಣ್ಣಿಗೇ ಬೀಳದ್ದರಿಂದ, ಅದು ನೇರ ನನ್ನ ಡಿಸ್ಕಿಗೆ ಹೋಗಿ ಟೀಚರ ಪ್ರಬಂಧವನ್ನು ಅಳಿಸುತ್ತಿತ್ತು. ಖಾದರ್ ಭಾಯಿ ಬೆರಳೆತ್ತಿದ್ದು ಯಾವುದರ ಮೇಲೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೋಳಿಗೆ ತಿನ್ನುತ್ತ ಅವರು ಅಂದದ್ದಿಷ್ಟು, ನಾನು ತಡೆಯದಿದ್ದರೆ ಒತ್ತಿಯೇಬಿಡುತ್ತಿದ್ದರೆಂದು: "ಆಪ್ ನಹೀ ರೋಕ್ತೇ ತೋ ಮೈ ತೋ ಮಾರ್ ದೇತಾ ಥಾ 'ವೈ'. ಅಲ್ಲಾ ಬಚಾಯಾ."

"ಅಲ್ಲಾನೂ ಬಚಾಯಾ, ನಮ್ಮ ದುರ್ಗವ್ವನೂ ಬಚಾಯಾ," ಎಂದು ಅತ್ತೆ ಇನ್ನೊಂದು ಹೋಳಿಗೆ ಬಡಿಸಿದರು.

ಮೂರೂವರೆಗೆ ಪ್ರಿಂಟ್ ತೆಗೆಯಲು ಕೂತೆವು. ಹಾಳೆಗಳು ಬಿಸಿಬಿಸಿಯಾಗಿ ಬರುತ್ತಿದ್ದವು. ಟೀಚರ್ ಪುಟಸಂಖ್ಯೆ ನೋಡಿ ಜೋಡಿಸಿದರು. ಅತ್ತೆ ಕೈಯಲ್ಲಿ 291ನೇ ಪುಟ ಹಿಡಿದು ಕೂತವರು ಬಹಳ ಹೊತ್ತು ಅದನ್ನು ಕೊಡಲೇ ಇಲ್ಲ. ಹಾಲು ಉಕ್ಕಿತು, ಯಾರೂ ಏಳಲಿಲ್ಲ. ಆರೂಕಾಲಿಗೆ ನಾಲ್ಕನೆಯ ಪ್ರತಿಯ ಕೊನೆಯ ಹಾಳೆ ಬಂತು. ಓಣಿಯಲ್ಲಿ ಜನ ಬನ್ನಿ ಹಂಚುತ್ತಿದ್ದ ಸದ್ದು ಕೇಳುತ್ತಿತ್ತು. ಆ ವರ್ಷ ನಾವು ಹೋಗಲಿಲ್ಲ.

ಮರುದಿನ ಮೂರೂಕಾಲಿಗೆ ಎಸ್‌ಟಿಡಿ ಬೂತಿನಿಂದ ಟೀಚರ ಫೋನ್ ಬಂತು. "ಕೊಟ್ಟೇರಿ ವೈನಿ. ನಾಲ್ಕೂ ಪ್ರತಿಗೆ ಆಫೀಸಿನ ಸಿಕ್ಕಾ ಹೊಡದ್ರು. ಗುಮಾಸ್ತ ತೂಕ ಮಾಡಿ ನೋಡಿ, ಇಷ್ಟು ದಪ್ಪ ಯಾಕ ಅಂದ. ಆರನೂರಾ ನಲವತ್ತು ಗಂಡಂದಿರು ಅದಾರಪಾ ಇದರಾಗ ಅಂದೆ." ಎರಡು ದಿನ ಬಿಟ್ಟು, ಬಾಡಿದ ಬನ್ನಿ ಎಲೆ ಹಿಡಿದು ಅವರೇ ಬಂದರು. ಅತ್ತೆಗೆ ಕೊಟ್ಟು ಕಾಲಿಗೆ ನಮಸ್ಕರಿಸಿ, "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ," ಎಂದರು. ಒಂದು ಎಲೆಯನ್ನು ಅತ್ತೆ ಕಂಪ್ಯೂಟರಿನ ಮೇಲೂ ಇಟ್ಟರು. ಮುಂದಿನ ವರ್ಷ ಟೀಚರಿಗೆ ಡಾಕ್ಟರೇಟ್ ಬಂತು.

ನಾನು ಹುಬ್ಬಳ್ಳಿಯ ಕಾನ್ವೆಂಟ್ ಹಾಸ್ಟೆಲಿನಲ್ಲಿದ್ದಾಗ ಹೊಲಿಗೆ ಕಲಿಸುವ ಸಿಸ್ಟರ್ ಪ್ರತಿ ಹುಡುಗಿಯ ಕರವಸ್ತ್ರ, ಟವೆಲು, ಲಂಗಗಳ ಮೇಲೆ ಅವಳ ನಂಬರನ್ನು ಕೆಂಪು ದಾರದಲ್ಲಿ ಕಸೂತಿ ಹಾಕಿಸುತ್ತಿದ್ದರು. ನನ್ನದು ನಲವತ್ತೇಳು. ಐವತ್ತು ಬಿಳಿ ಟವೆಲು ಒಟ್ಟಿಗೆ ಒಗೆದರೂ ಅದಲುಬದಲಾಗುತ್ತಿರಲಿಲ್ಲ. ಆಗ ಅದು ಕಿರಿಕಿರಿ ಅನ್ನಿಸುತ್ತಿತ್ತು. ಆ ದಶಮಿಯ ಮರುವಾರವೇ ದಾರದ ಡಬ್ಬಿ ತೆಗೆದು ನನ್ನ ಕೇಬಲಿನ ಎರಡೂ ತುದಿಗೆ ಕೆಂಪು ದಾರ, ಲ್ಯಾನ್ಸಿಯದಕ್ಕೆ ಹಳದಿ ದಾರ ಸುತ್ತಿ ಗಂಟು ಹಾಕಿದೆ. ಫ್ಲಾಪಿಯನ್ನು ನಾಳೆ ತಂದರಾಯಿತು ಎನ್ನುವುದನ್ನೂ ಬಿಟ್ಟೆ. ಆರತಿಗೆ ಮುಂಚೆ ಯಂತ್ರವನ್ನು ಒಮ್ಮೆ ಎಬ್ಬಿಸಿ ನೋಡುವುದಕ್ಕೆ ಅತ್ತೆಯಿಂದ ಒಪ್ಪಿಗೆಯನ್ನೂ ಪಡೆದುಕೊಂಡೆ. ಕೆಲಸ ಕಲಿಸಿದ ಪಾಠ ಎಂದು ಕೇಳಿದರೆ ಇಷ್ಟೇ ಹೇಳಬಲ್ಲೆ. ಒಂದು ವಸ್ತು ಕಾಣದಾದಾಗ ಅದು ಹೋಯಿತೆಂದು ನಂಬುವುದಕ್ಕೆ ಮುಂಚೆ, ಅದನ್ನು ನಾನೇ ಎಲ್ಲಿ ತೆಗೆದಿಟ್ಟೆ ಎಂದು ನೆನಪಿಸಿಕೊಳ್ಳಬೇಕು. ಅಷ್ಟು ಹೊತ್ತು ಎಂಥ ಅವಸರದಲ್ಲೂ ಇರುತ್ತದೆ.

ಲ್ಯಾನ್ಸಿ ನಮ್ಮ ಮಹಡಿಯಲ್ಲಿ 2005ರವರೆಗೆ ಇದ್ದ. ಪರೀಕ್ಷೆ ಪಾಸು ಮಾಡಿದ. ಮದುವೆ ಗೊತ್ತಾಗಿ ಉಪ್ಪಲ್ ಕಡೆ ಮನೆ ಹಿಡಿದಾಗ, ತನ್ನ ಡಿಸ್ಕು ಕೊಂಡೊಯ್ಯಲು ಬಂದ. ನಾನೇ ಪೆಟ್ಟಿಗೆ ಬಿಚ್ಚಿ, ಹಳದಿ ದಾರದ ಕೇಬಲ್ ಬಿಡಿಸಿ ಡಿಸ್ಕನ್ನು ಕೊಟ್ಟೆ. ವರ್ಷ ವರ್ಷವೂ ಹಚ್ಚಿದ ಗಂಧ ಒಣಗಿ ಒಂದರ ಮೇಲೊಂದು ಕೂತು ಪುಟ್ಟ ಬಟಾಣಿಯಷ್ಟಾಗಿತ್ತು.

"ಒರೆಸಿ ಕೊಡ್ಲಾ?" ಎಂದೆ.

"ಬೇಡ ಆಂಟಿ. ಮತ್ತೆ ಯಾವುದು ಯಾರದ್ದಂತ ಗೊತ್ತಾಗ್ಲಿಕ್ಕೆ ಬೇಡ್ವಾ?" ಎಂದು, ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ.

ಆ ವರ್ಷದ ಖಂಡೇಪೂಜೆಯಲ್ಲಿ ನನ್ನ ಡಿಸ್ಕಿಗೆ ಕುಂಕುಮವಿಟ್ಟು ಪೆಟ್ಟಿಗೆ ಮುಚ್ಚಲು ಹೋದೆ. "ತಡಿ," ಎಂದರು ಅತ್ತೆ. ಬಗ್ಗಿ, ಹಳದಿ ದಾರದ ಕೇಬಲ್ ಜೋತಾಡುತ್ತಿದ್ದ ಆ ಖಾಲಿ ಖಾನೆಯೊಳಗೆ ಉಂಗುರದ ಬೆರಳಿನಿಂದ ಒಂದು ಬೊಟ್ಟು ಗಂಧ ಹಚ್ಚಿದರು. "ಅವನ ಒಲಿನೂ ಉರೀಲಿ," ಎಂದರು.